ಎರಿ ನೆಲದ ಮೇಲೆ 10 ಫೂಟಿನ ಮಷಿನ್

10 ಫೂಟು ಅಗಲದ ಬ್ಯಾನರ್ ಪ್ರಿಂಟ್ ಮಾಡುವ ನಮ್ಮ ಫ್ಲೆಕ್ಸ್ ಮಷಿನ್ ಈ ಜಾಗದಲ್ಲಿ ಕೂತು ಮೂರು ಮಳೆಗಾಲ ದಾಟಿತು. ಮೊನ್ನೆ ಮತ್ತೆ ಬೀಮಿನ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ನೋಡಿದೆ, ಗುಳ್ಳೆ ನಟ್ಟನಡುವೆ ನಿಂತಿತ್ತು. ಗದಗ-ಬೆಟಗೇರಿಯ ಎರಿ ನೆಲದಲ್ಲಿ, ಅಂದರೆ ಕರಿ ಮಣ್ಣಿನಲ್ಲಿ, ಇದು ಆಗುವ ಮಾತಲ್ಲ ಅಂದವರು ಬಹಳ. ಮಷಿನ್ ಬರುವ ಎರಡು ತಿಂಗಳು ಮೊದಲು ಬಾಡಿಗೆ ಶೆಡ್ಡಿನ ನೆಲ ಅಗೆಸುತ್ತಿದ್ದಾಗ ಪಕ್ಕದ ಮಗ್ಗದವರು ಬಂದು ನಿಂತು, ‘ಹಗೇವು ತಗಸಾಕತ್ತೀರೇನ್ರಿ, ಜ್ವಾಳ ಹಾಕಾಕ?’ ಅಂದಿದ್ದರು. ಹಗೇವು ಎಂದರೆ ಕಾಳು ತುಂಬಿಡುವ ನೆಲಗುಂಡಿ.

ಅಗೆಸಲು ಕಾರಣ ನನ್ನ ಹಳೆಯ ಮಷಿನ್. ಅದನ್ನು ಶಹಾಬಾದ್ ಫರಸಿಯ ಮೇಲೆ, ಎಲ್ಲರೂ ಇಡುವಂತೆಯೇ ಇಟ್ಟಿದ್ದೆ. ಬೇಸಿಗೆಯಲ್ಲಿ ಪ್ರಿಂಟ್ ಚೊಕ್ಕ ಬರುತ್ತಿತ್ತು. ಆಗಸ್ಟ್ ಬಂತೆಂದರೆ ಮೀಡಿಯಾ, ಅಂದರೆ ಪ್ರಿಂಟ್ ಆಗುವ ಫ್ಲೆಕ್ಸ್ ಹಾಳೆ, ಓರೆ ಎಳೆಯುವುದು, ದಟ್ಟ ನೀಲಿಯಲ್ಲಿ ಗೆರೆ ಬೀಳುವುದು. ಸರ್ವಿಸ್‌ನವರು ಬಂದರು, ಸ್ಟೆಪ್ (ಹಾಳೆ ಪ್ರತಿ ಸಲ ಮುಂದೆ ಸರಿಯುವ ಅಳತೆ) ತಿದ್ದಿದರು, ತಪ್ಪು ಶಾಯಿ ಚಿಮ್ಮುವ ಹೆಡ್ಡಿನದು ಎಂದು ಹೇಳಿ ಎರಡು ಹೆಡ್ ಬದಲಿಸಿದರು. ಒಂದು ಲಕ್ಷದ ಮೇಲೆ ಹೋಯಿತು. ಗೆರೆ ಹೋಗಲಿಲ್ಲ.

ಗೊತ್ತಾಗಿದ್ದು ಒಂದು ಸಂಜೆ. ಕೈಯಿಂದ ಬಿದ್ದ ಬೇರಿಂಗಿನ ಗುಂಡು ಮಷಿನ್ ಕೆಳಗಿನಿಂದ ಸೀದಾ ಬಾಗಿಲಿನ ಕಡೆ ಉರುಳಿತು. ಬೇಸಿಗೆಯಲ್ಲಿ ಅದೇ ನೆಲದಲ್ಲಿ ಇಟ್ಟಲ್ಲೇ ನಿಲ್ಲುತ್ತಿತ್ತು. ಲೆವೆಲ್ ಹಿಡಿದರೆ ಬಾಗಿಲ ಕಡೆಗಿಂತ ಒಳಗಿನ ಕಡೆ ಸುಮಾರು 6 ಮಿಲಿಮೀಟರ್ ಎದ್ದಿತ್ತು. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ ಎಂಬುದು ಇಲ್ಲಿ ಹೊಲ ಮಾಡುವವರಿಗೆಲ್ಲ ಗೊತ್ತು. ಒಂದು ಟನ್ ಮಷಿನ್ ಅದರ ಮೇಲೆ ಕೂತರೂ ಅದು ಉಬ್ಬುವುದು ಬಿಡುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲು ಎರಡು ವರ್ಷ ಬೇಕಾಯಿತು.

ಹೊಸ ಮಷಿನ್‌ಗೆ ಖೋಲಿಯಷ್ಟೂ ಅಗೆಸಲಿಲ್ಲ, ಮಷಿನ್ ಕೂರುವ 18 ಫೂಟು ಉದ್ದ, 7 ಫೂಟು ಅಗಲ ಅಷ್ಟೇ. ನಾಲ್ಕು ಫೂಟು ಕರಿ ಮಣ್ಣು ತೆಗೆಸಿ, ಮೇಲೆ ಕಾಂಕ್ರೀಟಿಗೆ ಅರ್ಧ ಫೂಟು ಬಿಟ್ಟು, ನೀರಿಗೆ ಉಬ್ಬದ ಗರಸು ಮಣ್ಣು ತುಂಬಿಸಿದೆ. ಲೆಕ್ಕಕ್ಕೆ ನಾಲ್ಕೂವರೆ ಬ್ರಾಸ್ (ಒಂದು ಬ್ರಾಸ್ ಎಂದರೆ ನೂರು ಘನ ಫೂಟು) ಸಾಕಿತ್ತು. ಅರ್ಧ ಫೂಟಿಗೊಮ್ಮೆ ನೀರು ಹೊಡೆದು ಕುಟ್ಟುತ್ತಾ ಹೋದಂತೆ ಆರು ನುಂಗಿತು. ಒಂದೊಂದು ಪದರು ಕುಟ್ಟುವಾಗ ನಾನೇ ಪಕ್ಕಕ್ಕೆ ನಿಂತಿದ್ದೆ, ಗೌಂಡಿಗೆ ಅದು ಸೇರಿಬರಲಿಲ್ಲ. ಮೇಲೆ 10 ಎಂಎಂ ಸರಳಿನ ಜಾಲಿ, ಆರು ಇಂಚು ಕಾಂಕ್ರೀಟ್. ಸುತ್ತಲಿನ ಫರಸಿಗೂ ಈ ಕಟ್ಟೆಗೂ ನಡುವೆ ಒಂದು ಇಂಚು ಸಂದು ಬಿಟ್ಟು ಥರ್ಮಾಕೋಲ್ ಇಟ್ಟೆ. ಸುತ್ತಲಿನ ನೆಲ ಎದ್ದರೆ ಏಳಲಿ, ಕಟ್ಟೆಗೆ ತಾಗಬಾರದು. ಗರಸಿನ ಗುಂಡಿಗೆ ಹೊರಗಿನ ನೀರು ಇಳಿದರೆ ಎಲ್ಲ ವ್ಯರ್ಥ, ಹಾಗಾಗಿ ಸೂರಿನ ನೀರನ್ನೆಲ್ಲ ಪೈಪ್ ಹಾಕಿ ಗಟಾರಕ್ಕೆ ಬಿಟ್ಟೆ. ಕಾಂಕ್ರೀಟ್ ಗಟ್ಟಿಯಾಗಲು 21 ದಿನ ಅದರ ಮೇಲೆ ನೀರು ಕಟ್ಟಿ ನಿಲ್ಲಿಸಿದೆ. ಎಲ್ಲ ಸೇರಿ 60 ಸಾವಿರದ ಆಸುಪಾಸು. ಮಂದಿಯ ಜಾಗದಲ್ಲಿ ಇಷ್ಟು ರೊಕ್ಕ ಹೂಳುತ್ತಿ ಎಂದು ಮನೆಯಲ್ಲೂ ಮಾತು ಬಂತು. ಎರಡು ಹೆಡ್ಡಿನ ಬೆಲೆಗಿಂತ ಇದು ಕಡಿಮೆ ಎಂದು ಬರೆದು ತೋರಿಸಿದೆ.

ಇನ್ನು ಕರೆಂಟ್. ಇಲ್ಲೂ ಆ ಎರಿ ಮಣ್ಣೇ ಕೈಕೊಟ್ಟಿತ್ತು. ಹಳೆಯ ಮಷಿನ್‌ಗೆ ನಿಯಮದಂತೆ ತಾಮ್ರದ ಪ್ಲೇಟು, ಇದ್ದಿಲು, ಉಪ್ಪು ಹಾಕಿ ಅರ್ಥಿಂಗ್ ಮಾಡಿಸಿದ್ದೆ. ಮಳೆಗಾಲದಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 2 ವೋಲ್ಟ್, ಇದು ಕಡಿಮೆ ಇದ್ದಷ್ಟು ಒಳ್ಳೆಯದು. ಏಪ್ರಿಲ್‌ನಲ್ಲಿ ತೋಂಟದಾರ್ಯ ಜಾತ್ರೆಯ ಬ್ಯಾನರ್ ಕೆಲಸ ಕೈತುಂಬ ಇದ್ದಾಗ ನೋಡಿದರೆ 14. ಅದೇ ವಾರ ಒಂದು ಹೆಡ್ ಬೋರ್ಡ್ ಸುಟ್ಟಿತು. ಅರ್ಥ್ ಗುಂಡಿಯ ಹತ್ತಿರ ಹೋಗಿ ನೋಡಿದೆ. ಪೈಪಿನ ಸುತ್ತ ನೆಲ ಬಿರಿದು, ನನ್ನ ಅಂಗೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಮಣ್ಣು ಪೈಪನ್ನು ಬಿಟ್ಟು ಸರಿದು ನಿಂತಿತ್ತು.

ಎಸಿಯಿಂದ ತೊಟ್ಟಿಕ್ಕುವ ನೀರನ್ನು ಗುಂಡಿಗೆ ಬಿಟ್ಟರೆ ತಾನೇ ಹಸಿ ಇರುತ್ತದೆ ಎಂದು ಮೊದಲು ಪೈಪ್ ಎಳೆದೆ. ಜೂನ್‌ನಲ್ಲಿ ಬಕೆಟ್‌ಗಟ್ಟಲೆ ಬಂತು, ಆಗ ಬೇಡವಾಗಿತ್ತು. ಏಪ್ರಿಲ್‌ನ ಒಣ ಗಾಳಿಯಲ್ಲಿ ದಿನಕ್ಕೆ ಒಂದು ಚರಿಗೆ ನೀರೂ ಇಳಿಯಲಿಲ್ಲ. ಕೊನೆಗೆ ಕೈಹಿಡಿದದ್ದು ಸಸಿಗೆ ನೀರುಣಿಸುವ ಹಳೆಯ ಪದ್ಧತಿ. ಗಡಿಗೆಯ ತಳಕ್ಕೆ ಸಣ್ಣ ತೂತು ಕೊರೆದು, ಹಳೆ ಧೋತರದ ಬತ್ತಿ ಪೋಣಿಸಿ, ಪೈಪಿನ ಪಕ್ಕ ಕುತ್ತಿಗೆವರೆಗೆ ಹೂತೆ. ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು. ಹತ್ತು ಫೂಟು ದೂರಕ್ಕೆ ಎರಡನೆಯ ಗುಂಡಿ ತೋಡಿಸಿ ತಾಮ್ರದ ಪಟ್ಟಿಯಿಂದ ಎರಡನ್ನೂ ಕೂಡಿಸಿದೆ. ಅರ್ಥಿನ ತಡೆ ಮೊದಲು ಬೇಸಿಗೆಯಲ್ಲಿ 9 ಓಮ್ ತೋರಿಸುತ್ತಿದ್ದದ್ದು ಈಗ ಒಂದೂವರೆ ದಾಟಿಲ್ಲ.

ಬೀದಿಯ ನ್ಯೂಟ್ರಲ್ ನಮ್ಮ ಕೈಯಲ್ಲಿಲ್ಲ. ಸುತ್ತ ಪವರ್‌ಲೂಮು, ಸಂಜೆ ಫೇಸ್‌ಗಳು ಮೇಲೆ ಕೆಳಗೆ ಆಗುತ್ತಲೇ ಇರುತ್ತವೆ. ಅದಕ್ಕೆ ಬೀದಿಯ ಲೈನಿಗೂ ನಮ್ಮ ಲೈನಿಗೂ ನೇರ ಸಂಬಂಧ ಕಡಿಯುವ 5 ಕೆವಿಎ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ತಂದೆ, 28 ಸಾವಿರ ಕೊಟ್ಟ ನೆನಪು. ಅದರ ಸೆಕೆಂಡರಿಯ, ಅಂದರೆ ಕರೆಂಟ್ ಹೊರಬರುವ ಕಡೆಯ, ಒಂದು ತುದಿಯನ್ನು ನಮ್ಮ ಅರ್ಥ್‌ಗೆ ಕೂಡಿಸಿದರೆ ಹೊಸ ನ್ಯೂಟ್ರಲ್ ನಮ್ಮ ಖೋಲಿಯಲ್ಲೇ ಹುಟ್ಟುತ್ತದೆ. ವೈರಿಂಗ್‌ನವರು ‘ಸ್ಟೆಬಿಲೈಜರ್ ಇದ್ದರ ಸಾಕ್ರಿ, ಇದ್ಯಾಕ?’ ಎಂದು ಎಷ್ಟೋ ಹೇಳಿದರು. ಈಗ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರ್ ಅರ್ಧ ವೋಲ್ಟ್ ತೋರಿಸುತ್ತದೆ, ಅವರೇ ಬೇರೆ ಗಿರಾಕಿಗಳನ್ನು ಕರೆತಂದು ನೋಡಿಸುತ್ತಾರೆ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಬೀದಿಯ ನ್ಯೂಟ್ರಲ್ಲನ್ನು ನಿಮ್ಮ ಅರ್ಥ್‌ಗೆ ಕೂಡಿಸಲು ಮಾತ್ರ ಯಾರೂ ಹೋಗಬೇಡಿ, ಜೀವಕ್ಕೆ ಅಪಾಯ.

ಮೂರು ಫೇಸನ್ನೂ ಬೇರೆ ಮಾಡಿದೆ: ಶಾಯಿ ಒಣಗಿಸುವ ಹೀಟರ್‌ಗೆ ಒಂದು, ಎಸಿಗೆ ಒಂದು, ಮಷಿನ್ ಮತ್ತು ಕಂಪ್ಯೂಟರ್‌ಗೆ ಒಂದು. ನಾಲ್ಕು ಕಿಲೋವ್ಯಾಟ್ ಹತ್ತಿರ ಎಳೆಯುವ ಹೀಟರ್‌ಗಳನ್ನು ಯುಪಿಎಸ್‌ಗೆ ಹಾಕಲಿಲ್ಲ. ಕರೆಂಟ್ ಹೋದರೆ ಹೀಟರ್ ಆರುತ್ತದೆ, ಹೆಡ್ ಹೊತ್ತ ಕ್ಯಾರೇಜ್ ಮಾತ್ರ ಯುಪಿಎಸ್ ಬಲದಲ್ಲಿ ಕ್ಯಾಪಿಂಗ್‌ಗೆ (ಹೆಡ್ ಒಣಗದಂತೆ ಮುಚ್ಚುವ ಜಾಗಕ್ಕೆ) ಹೋಗಿ ಕೂರುತ್ತದೆ, ನನಗೆ ಬೇಕಾದದ್ದು ಅಷ್ಟೇ. ಇದರಿಂದ ದೊಡ್ಡ ಯುಪಿಎಸ್‌ನ ಖರ್ಚು ಉಳಿಯಿತು, ಕಡಿಮೆ ಎಂದರೂ 70 ಸಾವಿರ.

ಬೇಸಿಗೆಯ ಸ್ಟ್ಯಾಟಿಕ್ಕಿಗೂ ಒಂದಿಷ್ಟು ಒದ್ದಾಡಿದೆ. ರೋಲ್ ಬಿಚ್ಚುವಾಗ ಚಟಚಟ ಸದ್ದು, ಕೈಗೆ ಶಾಕ್, ಪ್ರಿಂಟ್ ಅಂಚಿನಲ್ಲಿ ಶಾಯಿಯ ಮಂಜು. ಏರ್ ಕೂಲರ್ ಇಟ್ಟು ತೇವ ಮಾಡೋಣವೆಂದರೆ ಅದು ಹೊರಗಿನ ಧೂಳನ್ನೂ ಒಳಗೆ ತಂತು, ಎರಡೇ ದಿನಕ್ಕೆ ತೆಗೆದೆ. ತಾಮ್ರದ ಎಳೆಯ ತೋರಣವನ್ನು ಮೀಡಿಯಾಕ್ಕೆ ಸವರುವಂತೆ ಕಟ್ಟಿ ಅರ್ಥ್‌ಗೆ ಕೊಟ್ಟ ಮೇಲೆ ಸದ್ದು ನಿಂತಿತು. ಎಲ್ಲಿ ಕಟ್ಟಿದೆ, ಎಷ್ಟು ಒತ್ತಿ ಕಟ್ಟಿದೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದನ್ನು ಹುಡುಕಲು ನನಗೆ ಎರಡು ರೋಲ್ ಹಾಳಾಗಿವೆ.

ಎಕ್ಸಾಸ್ಟ್ ಫ್ಯಾನ್ ನೆಲಮಟ್ಟದಲ್ಲಿದೆ. ಸಾಲ್ವೆಂಟ್ ಹೊಗೆ ಗಾಳಿಗಿಂತ ಭಾರ, ಕೆಳಗೇ ಹರಿಯುತ್ತದೆ. ಮೇಲೆ ಹಾಕಿಸಿದ್ದಾಗ ನಮ್ಮ ಹುಡುಗರಿಗೆ ಸಂಜೆಗೆ ತಲೆನೋವು ಬರುತ್ತಿತ್ತು, ಈಗಿಲ್ಲ.

ನೆಲ, ಅರ್ಥ್, ಟ್ರಾನ್ಸ್‌ಫಾರ್ಮರ್, ವೈರಿಂಗ್ ಎಲ್ಲ ಕೂಡಿ ಒಂದೂ ಮುಕ್ಕಾಲು ಲಕ್ಷದ ಸುತ್ತಮುತ್ತ ಆಗಿರಬೇಕು. ಈ ಮೂರು ವರ್ಷದಲ್ಲಿ ಒಂದೂ ಹೆಡ್ ಹೋಗಿಲ್ಲ. ಹಗೇವು ಎಂದ ಮಗ್ಗದವರು ಹೋದ ತಿಂಗಳು ಬಂದು ಗಡಿಗೆ ಹೂಳುವ ಬಗೆ ಕೇಳಿಕೊಂಡು ಹೋದರು. ಅವರ ಮಗ್ಗಕ್ಕೆ ವಿನ್ಯಾಸ ನೇಯುವ ಜಕಾರ್ಡ್‌ನ ಎಲೆಕ್ಟ್ರಾನಿಕ್ ಬೋರ್ಡ್ ಬೇಸಿಗೆಯಲ್ಲಿ ಎರಡು ಸಲ ಸುಟ್ಟಿತ್ತಂತೆ. ನಮ್ಮಲ್ಲಿ ಉಳಿದಿದ್ದ ಒಂದು ಗಡಿಗೆಯನ್ನು ಅವರಿಗೇ ಕೊಟ್ಟು ಕಳಿಸಿದೆ.