ಬ್ರಿಟನ್ನಿನ ಮೊದಲ ಚಳಿಗಾಲ: ಬಾಯ್ಲರ್ ಬಗ್ಗೆ ಹೊಸಬರಿಗೆ ಕೆಲವು ಮಾತುಗಳು

ಬ್ರಿಟನ್ನಿಗೆ ಹೊಸದಾಗಿ ಬಂದ ಕನ್ನಡಿಗರನ್ನು ಮನೆ ಬೆಚ್ಚಗಿಡುವ ವಿಷಯದಲ್ಲಿ ಮೊದಲು ದಾರಿ ತಪ್ಪಿಸುವುದು ನಮಗೆ ಚಿಕ್ಕಂದಿನಿಂದ ಗೊತ್ತಿರುವ ಎರಡು ಪದಗಳು. ನಮ್ಮ ಕಡೆ ಬಾಯ್ಲರ್ ಎಂದರೆ ಬಚ್ಚಲುಮನೆಯ ಮೂಲೆಯಲ್ಲಿ ಸೌದೆ ಹಾಕಿ ಉರಿಸುವ ತಾಮ್ರದ ಬಾಯ್ಲರ್, ಸಿಲಿಂಡರ್ ಎಂದರೆ ಅಡುಗೆ ಅನಿಲ ತುಂಬಿದ ಸಿಲಿಂಡರ್. ಇಲ್ಲಿ ಬಾಯ್ಲರ್ ಎಂದರೆ ಸಾಮಾನ್ಯವಾಗಿ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಬಿಳಿ ಪೆಟ್ಟಿಗೆ. ಅದು ಕೊಳವೆಯಲ್ಲಿ ಬರುವ ಅನಿಲವನ್ನು ಉರಿಸಿ, ಕಾದ ನೀರನ್ನು ಪ್ರತಿ ಕೋಣೆಯ ಗೋಡೆಯಲ್ಲಿರುವ ರೇಡಿಯೇಟರ್ ಎಂಬ ಲೋಹದ ಹಲಗೆಗೆ ಕಳುಹಿಸಿ ಮನೆಯನ್ನು ಬೆಚ್ಚಗಿಡುತ್ತದೆ. ಸಿಲಿಂಡರ್ ಎಂದರೆ ಸ್ನಾನದ ಬಿಸಿನೀರನ್ನು ತುಂಬಿಡುವ ದೊಡ್ಡ ಪಾತ್ರೆ, ಅಂದರೆ ನಮ್ಮ ಹಂಡೆಯ ಸಂಬಂಧಿ. ಹಳೆಯ ಪದಗಳನ್ನು ಹೊಸ ವಸ್ತುಗಳಿಗೆ ಹಚ್ಚಿಕೊಂಡು ನಾನು ಕಳೆದ ಮೊದಲ ಚಳಿಗಾಲದಲ್ಲಿ ಹಣವೂ ಹೋಯಿತು, ಮಗಳ ಆರೋಗ್ಯವೂ ಕೆಟ್ಟಿತು. ಆದ್ದರಿಂದ ಈ ಮಾತುಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಾವು ರೆಡಿಂಗ್ ಪಟ್ಟಣಕ್ಕೆ ಬಂದದ್ದು 2010ರ ಸೆಪ್ಟೆಂಬರಿನಲ್ಲಿ. ಸಿಕ್ಕಿದ್ದು ಕೆಂಪು ಇಟ್ಟಿಗೆಯ, ವಿಕ್ಟೋರಿಯಾ ಕಾಲದ ಸಾಲುಮನೆ. ಮಹಡಿಯ ಕಪಾಟಿನೊಳಗೆ ಹಸಿರು ಹೊದಿಕೆಯ ಸಿಲಿಂಡರ್ ಇತ್ತು, ಅದರ ಪಕ್ಕದ ಗೋಡೆಯಲ್ಲಿ ಕೆಂಪು ದೀಪದ ಒಂದು ಸ್ವಿಚ್ ಇತ್ತು. ಬೆಂಗಳೂರಿನಲ್ಲಿ ನಮ್ಮ ಗೀಸರಿನ ಸ್ವಿಚ್ ಕೂಡ ಹಾಗೆಯೇ ಇದ್ದುದರಿಂದ ನಾನು ಎರಡನೆಯ ಯೋಚನೆಯಿಲ್ಲದೆ ಅದನ್ನು ಒತ್ತಿದೆ, ನೀರು ಕಾಯಿತು, ನೆಮ್ಮದಿಯಾಯಿತು. ಬೆಂಗಳೂರಿನಲ್ಲಾದರೆ ಸ್ನಾನ ಮುಗಿದ ಕೂಡಲೇ ಆರಿಸುತ್ತಿದ್ದೆವು. ಇಲ್ಲಿ ಕೈತೊಳೆಯಲೂ ಬಿಸಿನೀರು ಬೇಕಾದ್ದರಿಂದ ಹಾಗೆಯೇ ಬಿಟ್ಟೆವು. ಅದು ಇಮ್ಮರ್ಷನ್ ಹೀಟರ್, ಬಾಯ್ಲರ್ ಕೆಟ್ಟಾಗ ಮಾತ್ರ ಬಳಸಬೇಕಾದ ವಿದ್ಯುತ್ ಕಾಯಿಲ್ ಎಂದು ನಮಗೆ ತಿಳಿದದ್ದು ಫೆಬ್ರವರಿಯಲ್ಲಿ ವಿದ್ಯುತ್ ಬಿಲ್ಲು ಬಂದ ಮೇಲೆ. ಅದೇ ನೀರನ್ನು ಕಾಯಿಸಲು ಕೆಳಗಿನ ಅನಿಲದ ಬಾಯ್ಲರ್ ಅಷ್ಟು ದಿನವೂ ಸಿದ್ಧವಾಗಿತ್ತು. ಇಂತಹ ಕಾಯಿಲ್ ಸಾಮಾನ್ಯವಾಗಿ 3 ಕಿಲೋವ್ಯಾಟಿನದ್ದು. ದಿನಕ್ಕೆ ಒಟ್ಟು ನಾಲ್ಕು ಗಂಟೆ ಉರಿದರೆ 12 ಯೂನಿಟ್, ಯೂನಿಟ್ಟಿಗೆ 25 ಪೆನ್ಸ್ ಎಂದರೂ ದಿನಕ್ಕೆ 3 ಪೌಂಡ್. ಇತ್ತೀಚಿನ ವರ್ಷಗಳಲ್ಲಿ ವಿದ್ಯುತ್ ಯೂನಿಟ್ಟಿನ ದರ ಅನಿಲದ ಯೂನಿಟ್ಟಿನ ಸುಮಾರು ನಾಲ್ಕು ಪಟ್ಟು ಇದೆ. ಈ ಒಂದು ಅನುಪಾತ ನೆನಪಿದ್ದರೆ ಮಿಕ್ಕ ಲೆಕ್ಕವೆಲ್ಲ ತಾನಾಗಿ ತಿಳಿಯುತ್ತದೆ.

ಹಾಗಾಗಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನವೇ ಕಪಾಟುಗಳನ್ನೆಲ್ಲ ತೆರೆದು ನೋಡಿ. ಎಲ್ಲಿಯೂ ಸಿಲಿಂಡರ್ ಇಲ್ಲದಿದ್ದು, ನಲ್ಲಿ ತಿರುಗಿಸಿದಾಗಲೆಲ್ಲ ಬಾಯ್ಲರ್ ಗುಂಯ್‌ಗುಟ್ಟಿ ಹೊತ್ತಿಕೊಂಡರೆ ಅದು ಕಾಂಬಿ ಬಾಯ್ಲರ್. ಅದು ಬೇಕಾದಾಗ ಬೇಕಾದಷ್ಟೇ ನೀರು ಕಾಯಿಸುತ್ತದೆ, ಆದರೆ ಎರಡು ಕಡೆ ಒಟ್ಟಿಗೆ ಸ್ನಾನಕ್ಕೆ ನಿಂತರೆ ಧಾರೆ ಸಣ್ಣದಾಗುತ್ತದೆ. ಸಿಲಿಂಡರ್ ಇದ್ದರೆ ನೀರು ಕಾಯುವುದಕ್ಕೂ ಮನೆ ಕಾಯುವುದಕ್ಕೂ ಬೇರೆ ಬೇರೆ ವೇಳೆ ಗೊತ್ತುಮಾಡುವ ಟೈಮರ್ ಇರುತ್ತದೆ. ಊರಿನಿಂದ ಬಂದವರೆಲ್ಲ ಒಂದೇ ಬೆಳಗಿನಲ್ಲಿ ಎಣ್ಣೆನೀರು ಹಾಕಿಕೊಂಡರೆ ಕೊನೆಯವರಿಗೆ ತಣ್ಣೀರೇ ಗತಿ ಎಂಬುದನ್ನು ಮುಂಚೆಯೇ ಹೇಳಿಬಿಡುವುದು ಒಳ್ಳೆಯದು.

ಎರಡನೆಯ ತಪ್ಪು ಇನ್ನೂ ದುಬಾರಿಯಾದದ್ದು, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಬಳಸದಿರುವಾಗ ಆರಿಸಿಬಿಡಬೇಕು ಎಂಬುದು ನಮ್ಮ ಮನೆಗಳಲ್ಲಿ ಕಲಿಸಿದ ಮಿತವ್ಯಯ. ಅದರಂತೆ ನಾವು ದಿನವೆಲ್ಲ ಬಾಯ್ಲರ್ ಆರಿಸಿ, ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಕುಳಿತು, ಚಳಿ ತಡೆಯಲಾಗದಾಗ ಥರ್ಮೋಸ್ಟಾಟನ್ನು 30ಕ್ಕೆ ತಿರುಗಿಸುತ್ತಿದ್ದೆವು. ಒಲೆಯ ಉರಿ ಹೆಚ್ಚಿಸಿದರೆ ಹಾಲು ಬೇಗ ಉಕ್ಕುತ್ತದೆ, ಹಾಗೆಯೇ ಇದೂ ಎಂದುಕೊಂಡಿದ್ದೆವು. ಥರ್ಮೋಸ್ಟಾಟಿನ ಕೆಲಸ ಬೇರೆ; ಯಾವ ಉಷ್ಣತೆ ಮುಟ್ಟಿದಾಗ ನಿಲ್ಲಿಸಬೇಕೆಂದು ಅದು ಬಾಯ್ಲರಿಗೆ ಹೇಳುತ್ತದೆ, ಅಷ್ಟೇ. 20ಕ್ಕೆ ಇಟ್ಟರೂ 30ಕ್ಕೆ ಇಟ್ಟರೂ ಮನೆ ಕಾಯುವ ವೇಗ ಒಂದೇ. ರೇಡಿಯೇಟರಿನ ಬದಿಯಲ್ಲಿ 1ರಿಂದ 5ರವರೆಗೆ ಅಂಕಿಗಳಿರುವ ತಿರುಗಣೆಯೂ ಹಾಗೆಯೇ, 3 ಎಂದರೆ ಹೆಚ್ಚುಕಡಿಮೆ 20 ಡಿಗ್ರಿ. ಚಳಿಗಾಲದಲ್ಲಿ ಮನೆಯೊಳಗೆ 18 ಡಿಗ್ರಿಗಿಂತ ಕಡಿಮೆಯಾಗಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ನಾವು ತಣ್ಣಗಿಟ್ಟ ಆ ಮನೆಯಲ್ಲಿ ಎರಡು ಹೊತ್ತು ಅನ್ನ, ಸಾರು ಕುದಿಯುತ್ತಿತ್ತು, ಕುಕ್ಕರ್ ಕೂಗುತ್ತಿತ್ತು, ಒಗೆದ ಬಟ್ಟೆಗಳು ರೇಡಿಯೇಟರಿನ ಮೇಲೆಯೇ ಒಣಗುತ್ತಿದ್ದವು. ಕಿಟಕಿಯ ಮೇಲ್ಚೌಕಟ್ಟಿನ ಸಣ್ಣ ಗಾಳಿಕಿಂಡಿಗಳಿಂದ ಚಳಿ ಬರುತ್ತದೆಂದು ನಾನೇ ಕೈಯಾರೆ ಅವುಗಳಿಗೆ ಟೇಪ್ ಅಂಟಿಸಿದ್ದೆ. ಹೋಗಲು ದಾರಿಯಿಲ್ಲದ ಹಬೆ ತಣ್ಣನೆಯ ಗೋಡೆಗಳ ಮೇಲೆ ನೀರಾಗಿ ಇಳಿಯಿತು. ಜನವರಿಯಲ್ಲಿ ಮಗಳ ಮಂಚವನ್ನು ಸರಿಸಿ ನೋಡಿದರೆ ಹಿಂದಿನ ಗೋಡೆಯೆಲ್ಲ ಕಪ್ಪು ಬೂಷ್ಟು. ಮೂರು ವರ್ಷದ ಮಗು ಆರು ವಾರಗಳಿಂದ ಕೆಮ್ಮುತ್ತಿದ್ದುದಕ್ಕೆ ಹೊಸ ಊರಿನ ಹವೆಯೇ ಕಾರಣ ಎಂದು ನಾವು ಸಮಾಧಾನ ಮಾಡಿಕೊಂಡಿದ್ದೆವು. ನಾನು ಸಾಗರದ ಕಡೆಯವಳು, ಬೂಷ್ಟು ನನಗೆ ಹೊಸದಲ್ಲ. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೂ ಪೆಟ್ಟಿಗೆಯ ಸೀರೆಗೂ ಬೂಷ್ಟು ಬರುತ್ತದೆ. ಆದರೆ ಅಲ್ಲಿ ಹಂಚಿನ ಸಂದಿಗಳಲ್ಲಿ ಗಾಳಿಯಾಡುತ್ತದೆ, ಬಚ್ಚಲೊಲೆಯ ಬಿಸಿಯೂ ಹೊಗೆಯೂ ಮನೆಯ ಥಂಡಿಯನ್ನು ಹೀರುತ್ತವೆ. ಆ ಮನೆ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಈ ಮುಚ್ಚಿದ ಮನೆಯಲ್ಲಿ ನಾವು ಕೈಯಿಂದ ಮಾಡಬೇಕೆಂದು ನನಗೆ ಹೊಳೆಯಲಿಲ್ಲ.

ದಯವಿಟ್ಟು ಬೂಷ್ಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2020ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡದ್ದಕ್ಕೆ ಮನೆಯ ಬೂಷ್ಟೇ ಕಾರಣವೆಂದು 2022ರಲ್ಲಿ ನಡೆದ ಮರಣ ವಿಚಾರಣೆ ತೀರ್ಮಾನಿಸಿತು. ಅಡುಗೆ ಮಾಡುವಾಗ ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿ, ಸ್ನಾನವಾದ ಮೇಲೆ ಕಿಟಕಿಯನ್ನು ಹತ್ತು ನಿಮಿಷ ಅಗಲವಾಗಿ ತೆರೆಯಿರಿ, ಬಟ್ಟೆಗಳನ್ನು ಒಂದೇ ಕೋಣೆಯಲ್ಲಿ ಕಿಟಕಿ ಸ್ವಲ್ಪ ತೆರೆದು ಒಣಗಿಸಿ, ಮಂಚ ಮತ್ತು ಬೀರುಗಳನ್ನು ಹೊರಗೋಡೆಯಿಂದ ಒಂದು ಗೇಣು ದೂರವಿಡಿ. ಬೆಳಿಗ್ಗೆ ಮತ್ತು ಸಂಜೆ ನಿಗದಿತ ವೇಳೆಗೆ ಮನೆ ಬೆಚ್ಚಗಾಗುವಂತೆ ಟೈಮರ್ ಇಡಿ. ಇಷ್ಟಾದರೂ ಬೂಷ್ಟು ಬಂದರೆ ತಪ್ಪು ಗೋಡೆಯದು ಅಥವಾ ಚಾವಣಿಯದು ಇರಬಹುದು; ಚಿತ್ರಸಹಿತ ಬರವಣಿಗೆಯಲ್ಲಿ ಮನೆ ಮಾಲೀಕರಿಗೆ ತಿಳಿಸಿ.

ನಾವು ಬಂದ 2010ರ ಡಿಸೆಂಬರ್ ಬ್ರಿಟನ್ನಿಗೆ ನೂರು ವರ್ಷಗಳಲ್ಲೇ ಅತಿ ತಣ್ಣನೆಯ ಡಿಸೆಂಬರ್ ಆಗಿತ್ತು. ಒಂದು ಬೆಳಿಗ್ಗೆ ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತುಹೋಯಿತು. ಬಾಡಿಗೆ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಂಸ್ಥೆ ನೀವೇ ಯಾರನ್ನಾದರೂ ಕರೆಸಿಕೊಳ್ಳಿ ಎಂದಿತು, ನಾವು ಮರುಮಾತಾಡದೆ ಹಣ ಕೊಟ್ಟು ಕರೆಸಿದೆವು. ಬಂದವರು ಮನೆಯ ಹೊರಗೋಡೆಯ ಮೇಲಿನ ಪ್ಲಾಸ್ಟಿಕ್ ಕೊಳವೆಗೆ ಒಂದು ತಂಬಿಗೆಯಷ್ಟು ಬೆಚ್ಚನೆಯ ನೀರು ಸುರಿದರು, ಬಾಯ್ಲರಿನ ಗುಂಡಿ ಒತ್ತಿದರು, ಅದು ಹೊತ್ತಿಕೊಂಡಿತು. ಈಗಿನ ಕಂಡೆನ್ಸಿಂಗ್ ಬಾಯ್ಲರುಗಳು ಹೊಗೆಯಲ್ಲಿರುವ ಆವಿಯನ್ನೂ ತಣಿಸಿ ಅದರ ಬಿಸಿಯನ್ನು ಉಳಿಸಿಕೊಳ್ಳುತ್ತವೆ. ಹಾಗೆ ತಣಿದ ನೀರು ಹೊರಹೋಗುವ ಕೊಳವೆ ಹಿಮಗಟ್ಟಿದರೆ ಬಾಯ್ಲರ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಕುದಿಯುವ ನೀರು ಸುರಿಯಬಾರದು, ಕೊಳವೆ ಒಡೆದೀತು. ಬಾಡಿಗೆ ಮನೆಯ ಬಾಯ್ಲರ್ ಮತ್ತು ಬಿಸಿನೀರಿನ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವುದು ಇಂಗ್ಲೆಂಡಿನಲ್ಲಿ 1985ರ ಕಾಯಿದೆಯಂತೆ ಮಾಲೀಕರ ಹೊಣೆ. ಹೊಸಬರಾದ ನಾವು ಸಂಕೋಚದಿಂದ ಕೇಳದೇ ಇರುತ್ತೇವೆ. ಯಾರ ಮನಸ್ಸೂ ನೋಯಬಾರದೆಂಬ ನಮ್ಮ ಒಳ್ಳೆಯ ಗುಣವೇ ಇಲ್ಲಿ ನಮ್ಮ ಮಕ್ಕಳನ್ನು ಚಳಿಯಲ್ಲಿ ಕೂರಿಸುತ್ತದೆ. ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿಯಿರುವವರಿಂದ ತಪಾಸಣೆ ಮಾಡಿಸಿ ಅದರ ಪ್ರತಿಯನ್ನು ನಿಮಗೆ ಕೊಡುವುದೂ ಮಾಲೀಕರದೇ ಕರ್ತವ್ಯ. ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಮೊದಲ ದಿನವೇ ಕೇಳಿ. ಆ ವಿಷಾನಿಲಕ್ಕೆ ವಾಸನೆಯಿಲ್ಲ. ಕೊಳವೆಯ ಅನಿಲ ಸೋರಿದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಕಿಟಕಿ ತೆರೆದು ಹೊರಬಂದು, 0800 111 999ಕ್ಕೆ ಕರೆಮಾಡಿ.

ಕಾಗದಪತ್ರದ ಕೆಲಸ ಹೆಚ್ಚಿಲ್ಲ: ಮನೆ ಹೊಕ್ಕ ದಿನ ಎರಡೂ ಮೀಟರುಗಳ ಚಿತ್ರ ತೆಗೆದು, ಪೂರೈಕೆದಾರರಿಗೆ ಅಂಕಿ ಕೊಟ್ಟು, ಬ್ಯಾಂಕಿನಿಂದ ತಾನಾಗಿ ಹಣ ಹೋಗುವ ಡೈರೆಕ್ಟ್ ಡೆಬಿಟ್ ಮಾಡಿಸಿದರೆ ಮುಗಿಯಿತು. ಆಫ್‌ಜೆಮ್ ಎಂಬ ಇಂಧನ ನಿಯಂತ್ರಣ ಸಂಸ್ಥೆ ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಬೆಲೆಮಿತಿಯನ್ನು ಮಾತ್ರ ಸರಿಯಾಗಿ ಓದಿ. ಪತ್ರಿಕೆಗಳು ಹೇಳುವ ವಾರ್ಷಿಕ ಮೊತ್ತ ಸಾಧಾರಣ ಬಳಕೆಯ ಕುಟುಂಬದ ಅಂದಾಜು, ಮಿತಿ ಇರುವುದು ಯೂನಿಟ್ ದರಕ್ಕೂ ದಿನದ ಸ್ಥಿರ ಶುಲ್ಕಕ್ಕೂ. ಹೆಚ್ಚು ಬಳಸಿದರೆ ಬಿಲ್ಲು ಅದನ್ನು ದಾಟುತ್ತದೆ. ಕೆಲವು ಫ್ಲ್ಯಾಟುಗಳಲ್ಲಿ ಅನಿಲವೇ ಇರುವುದಿಲ್ಲ, ರಾತ್ರಿಯ ಅಗ್ಗದ ವಿದ್ಯುತ್ತಿನಲ್ಲಿ ಇಟ್ಟಿಗೆಗಳನ್ನು ಕಾಯಿಸಿಟ್ಟು ಹಗಲಿನಲ್ಲಿ ಬಿಸಿ ಕೊಡುವ ಸ್ಟೋರೇಜ್ ಹೀಟರುಗಳಿರುತ್ತವೆ. ಅವುಗಳ ಔಟ್‌ಪುಟ್ (ಬಿಸಿ ಹೊರಬಿಡುವ) ತಿರುಗಣೆಯನ್ನು ರಾತ್ರಿ ಮುಚ್ಚಿಡದಿದ್ದರೆ ಸಂಜೆಗೆ ಬಿಸಿಯೇ ಉಳಿಯುವುದಿಲ್ಲ.

ಖರ್ಚು ತಗ್ಗಿಸುವ ದಾರಿಗಳಲ್ಲಿ ನನಗೆ ಅತ್ಯಂತ ಫಲಕೊಟ್ಟದ್ದು ಒಂದು ಪೈಸೆಯನ್ನೂ ಕೇಳಲಿಲ್ಲ. ನಾವು ಮುಂದೆ ಕೊಂಡ ಮನೆಯ ಕಾಂಬಿ ಬಾಯ್ಲರ್ ರೇಡಿಯೇಟರಿಗೆ ಕಳುಹಿಸುವ ನೀರು 75 ಡಿಗ್ರಿಯಲ್ಲಿತ್ತು, ಅದನ್ನು 55ಕ್ಕೆ ಇಳಿಸಿದೆ. ಮರಳಿ ಬರುವ ನೀರು ತಣ್ಣಗಿದ್ದಾಗ ಮಾತ್ರ ಕಂಡೆನ್ಸಿಂಗ್ ಬಾಯ್ಲರ್ ಆವಿಯ ಬಿಸಿಯನ್ನು ಹಿಡಿಯಬಲ್ಲದು. ಮನೆ ಸ್ವಲ್ಪ ನಿಧಾನವಾಗಿ ಕಾಯುತ್ತದೆ, ಅಷ್ಟೇ. ಸಿಲಿಂಡರ್ ಇರುವವರು ಹೀಗೆ ಇಳಿಸಬೇಡಿ, ತುಂಬಿಟ್ಟ ನೀರು 60 ಡಿಗ್ರಿ ಮುಟ್ಟದಿದ್ದರೆ ಲೀಜಿಯೋನೆಲ್ಲಾ ರೋಗಾಣು ಬೆಳೆಯುವ ಅಪಾಯವಿದೆ.

2013ರಲ್ಲಿ ಅಮ್ಮ ಬಂದಾಗ ಮೊದಲು ಕೇಳಿದ್ದು, "ಬೆಂಕಿ ಎಲ್ಲಿದ್ಯೇ ಈ ಮನೆಲಿ?" ಬಾಯ್ಲರಿನ ಪೆಟ್ಟಿಗೆ ತೋರಿಸಿದರೆ ಅವರಿಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಮನೆಯಲ್ಲಿ ನಸುಕಿಗೆ ಎದ್ದವರು ಅಡಿಕೆಸಿಪ್ಪೆ ತುಂಬಿ ಬಚ್ಚಲೊಲೆ ಹೊತ್ತಿಸಿದರೆ, ಎದ್ದವರೆಲ್ಲ ಒಬ್ಬೊಬ್ಬರಾಗಿ ಕಂಬಳಿ ಹೊದ್ದು ಅದರ ಮುಂದೆ ಬಂದು ಕೂರುತ್ತಿದ್ದರು. ಬೆಚ್ಚಗಿನ ಜಾಗ ಅದೊಂದೇ ಇದ್ದುದರಿಂದ ಜಗಳವಾಡಿದವರೂ ಅಲ್ಲಿಗೇ ಬರಬೇಕಿತ್ತು. ಇಲ್ಲಿ ಪ್ರತಿ ಕೋಣೆಗೂ ಬಿಸಿ ಹಂಚಿರುವುದರಿಂದ ಮಕ್ಕಳು ಊಟ ಮುಗಿದ ಕೂಡಲೇ ತಮ್ಮ ತಮ್ಮ ಕೋಣೆ ಸೇರುತ್ತಾರೆ, ಬಾಗಿಲು ಮುಚ್ಚುತ್ತಾರೆ. ಕನ್ನಡ ಯಾವಾಗ ಕಲಿಸುವುದು ಎಂದು ಕೊರಗುವ ನಾವು ಆ ಮುಚ್ಚಿದ ಬಾಗಿಲಿಗೂ ರೇಡಿಯೇಟರಿಗೂ ಇರುವ ಸಂಬಂಧವನ್ನು ಗಮನಿಸಿಲ್ಲ.

ನನಗೆ ಅದು ತಿಳಿದದ್ದು 2022ರ ಚಳಿಗಾಲದಲ್ಲಿ. ಹಿಂದಿನ ವರ್ಷ 1,277 ಪೌಂಡ್ ಇದ್ದ ಬೆಲೆಮಿತಿಯ ವಾರ್ಷಿಕ ಅಂದಾಜು, ಸರ್ಕಾರ ದರವನ್ನು ತಡೆಹಿಡಿದ ಮೇಲೂ 2,500ಕ್ಕೆ ಏರಿತ್ತು. ನಾವು ಮಲಗುವ ಕೋಣೆಗಳ ರೇಡಿಯೇಟರುಗಳನ್ನು 2ಕ್ಕೆ ಇಳಿಸಿ, ಸಂಜೆಯೆಲ್ಲ ನಾಲ್ವರೂ ಒಂದೇ ಕೋಣೆಯಲ್ಲಿ ಕೂರತೊಡಗಿದೆವು. ಮಗಳು ಶಾಲೆಯ ಪಾಠ ಓದುತ್ತಾ, ನಡುವೆ ಅಜ್ಜಿಗೆ ಫೋನ್ ಮಾಡುತ್ತಾ, ಮಗ ಪ್ರಶ್ನೆ ಕೇಳುತ್ತಾ, ಮನೆಯೊಳಗೆ ಅಷ್ಟು ಕನ್ನಡ ಮಾತು ಹಿಂದೆಂದೂ ನಡೆದಿರಲಿಲ್ಲ. ದರ ಇಳಿದ ಮೇಲೂ ವಾರದಲ್ಲಿ ನಾಲ್ಕು ಸಂಜೆ ಈ ಪದ್ಧತಿಯನ್ನು ಉಳಿಸಿಕೊಂಡಿದ್ದೇವೆ.

ಕೊನೆಯದಾಗಿ, ಚಳಿ ಬಂದ ಮೇಲೆ ಬಾಯ್ಲರ್ ಪರೀಕ್ಷಿಸಲು ಹೊರಡಬೇಡಿ, ಆಗ ರಿಪೇರಿಯವರು ಸಿಗುವುದು ಕಷ್ಟ. ನಾವು ಆಯುಧಪೂಜೆಯ ದಿನವನ್ನು ಅದಕ್ಕೆ ಗೊತ್ತುಮಾಡಿಕೊಂಡಿದ್ದೇವೆ. ಬೆಳಿಗ್ಗೆ ಒಂದು ಗಂಟೆ ಬಾಯ್ಲರ್ ಹೊತ್ತಿಸಿ, ಪ್ರತಿ ರೇಡಿಯೇಟರಿನ ಮೇಲ್ಭಾಗ ಮುಟ್ಟಿ ನೋಡುತ್ತೇವೆ. ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ ಎಂದು ಅರ್ಥ. ಬಾಯ್ಲರ್ ಆರಿಸಿ, ನೀರು ತಣಿದ ಮೇಲೆ ಸಣ್ಣ ಕೀಲಿಯಿಂದ ಆ ಗಾಳಿಯನ್ನು ಬಿಡುತ್ತೇವೆ. ಒತ್ತಡ ಇಳಿದಿದ್ದರೆ ನೀರು ತುಂಬುವ ಕವಾಟ ತೆರೆದು ಸರಿಮಾಡುತ್ತೇವೆ. ಅಂದು ಗೋಡೆಯ ಕಪ್ಪು ಬೂಷ್ಟಿನ ಪಕ್ಕ ಮಲಗಿ ಕೆಮ್ಮುತ್ತಿದ್ದ ಮಗಳೇ ಈಗ ಬಾಯ್ಲರಿಗೆ ಕುಂಕುಮ ಹಚ್ಚಿ, ಬಗ್ಗಿ ಒತ್ತಡದ ಮುಳ್ಳನ್ನು ನೋಡಿ, "ಒಂದೂವರೆ ಬಾರ್ ಇದೆ ಅಮ್ಮಾ, ಸರಿ ಇದೆ" ಎಂದು ಹೇಳುತ್ತಾಳೆ.