ಟಿಎಸ್‌ಎಚ್ 0.21: ಮಾತ್ರೆ ಬೇಕಾ, ಬೇಡವಾ? ನನ್ನ ಅನುಭವ

ಅಡಿಕೆ ಸುಲಿಯುವ ಕೆಲಸ ಮುಗಿದು ತಿಂಗಳಾದರೂ ಸುಸ್ತು ಹೋಗಲಿಲ್ಲ ಅಂತ ತೀರ್ಥಹಳ್ಳಿಗೆ ಹೋಗಿ ರಕ್ತ ಕೊಟ್ಟು ಬಂದೆ. ಸಕ್ಕರೆ ಸರಿ ಇತ್ತು, ಹಿಮೋಗ್ಲೋಬಿನ್ನೂ ಸರಿ ಇತ್ತು. ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಮಾತ್ರ 0.21, ಇರಬೇಕಾದ್ದಕ್ಕಿಂತ ಕಮ್ಮಿ. ನನಗೆ ಆಗ 57 ವರ್ಷ.

ಪಕ್ಕದ ಮನೆಯ ಅತ್ತಿಗೆ ರಿಪೋರ್ಟ್ ನೋಡಿ, "ನಿಂಗೂ ಥೈರಾಯ್ಡ್ ಕಮ್ಮಿ ಮಾರಾಯ್ತಿ, ನಾನು ಬೆಳಿಗ್ಗೆ ತಗೊಳ್ತೀನಲ್ಲ, ಅದೇ ಮಾತ್ರೆ ಶುರು ಮಾಡು" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಅದನ್ನು ನುಂಗಿದ್ದರೆ ನನಗೆ ಇನ್ನೂ ತೊಂದರೆ ಆಗುತ್ತಿತ್ತು. ಟಿಎಸ್‌ಎಚ್ ಬರುವುದು ಥೈರಾಯ್ಡಿನಿಂದ ಅಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಅದು ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಕೂಗು ಅಂದುಕೊಳ್ಳಿ. ಥೈರಾಯ್ಡ್ ತಾನೇ ಜಾಸ್ತಿ ದುಡಿಯುತ್ತಿದ್ದರೆ ಕೂಗುವುದೇ ಬೇಡ, ಟಿಎಸ್‌ಎಚ್ ಇಳಿಯುತ್ತದೆ. ಅಂದರೆ ಟಿಎಸ್‌ಎಚ್ ಕಮ್ಮಿ ಅಂದರೆ ಸಾಮಾನ್ಯವಾಗಿ ಥೈರಾಯ್ಡ್ ಜಾಸ್ತಿ. ಈ ಒಂದು ವಿಷಯವನ್ನು ನಮ್ಮೂರಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಮೊದಲು ತೋರಿಸಿದ ಡಾಕ್ಟರು, ಥೈರಾಯ್ಡ್ ತಾನೇ ಮಾಡುವ ಹಾರ್ಮೋನುಗಳಾದ ಟಿ3, ಟಿ4 ನೋಡದೆ ಆ ಒಂದು ಅಂಕಿಯ ಮೇಲೇ ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಬರೆದುಕೊಟ್ಟರು. ನನಗೆ ಯಾಕೋ ಸಮಾಧಾನವಾಗಲಿಲ್ಲ. ಚೀಟಿ ಇಟ್ಟುಕೊಂಡು ಶಿವಮೊಗ್ಗಕ್ಕೆ ಹೋದೆ. ಅಲ್ಲಿನ ಡಾಕ್ಟರು ಮೊದಲು ಕೇಳಿದ್ದು, ಬೇರೆ ಏನೇನು ತಗೊಳ್ತಾ ಇದೀರಿ ಅಂತ. ಕೂದಲು ಉದುರುತ್ತದೆ ಅಂತ ಮಗಳು ತಂದುಕೊಟ್ಟ ಮಾತ್ರೆ ತಗೊಳ್ತಿದ್ದೆ. ಅದರಲ್ಲಿ ಬಯೋಟಿನ್ ಅನ್ನುವ ವಿಟಮಿನ್ ಇತ್ತು. ಬಯೋಟಿನ್ ಜಾಸ್ತಿ ಇದ್ದರೆ ಕೆಲವು ಲ್ಯಾಬ್ ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸುತ್ತದಂತೆ. ಆಮೇಲೆ ಇತ್ತೀಚೆಗೆ ಜ್ವರ, ಕುತ್ತಿಗೆ ನೋವು ಬಂದಿತ್ತಾ ಅಂತ ಕೇಳಿದರು. ಥೈರಾಯ್ಡಿಗೆ ಉರಿಯೂತ ಬಂದಾಗಲೂ ಹೀಗೆ ಆಗಿ, ಕೆಲವು ತಿಂಗಳಲ್ಲಿ ತಾನೇ ಸರಿಹೋಗುವುದುಂಟು. ನೀರು ನುಂಗಿಸಿ ಕುತ್ತಿಗೆ ಮುಟ್ಟಿ ನೋಡಿದರು. ಬಲಗಡೆ ಒಂದು ಚಿಕ್ಕ ಗಂಟು ಇತ್ತು. ಆ ಕೂದಲಿನ ಮಾತ್ರೆ ನಿಲ್ಲಿಸಿ ಮೂರು ತಿಂಗಳು ಬಿಟ್ಟು ಬನ್ನಿ ಅಂದರು.

ಮೂರು ತಿಂಗಳ ನಂತರ 0.19. ಟಿ3, ಟಿ4 ಎರಡೂ ನಾರ್ಮಲ್. ಅಂದರೆ ಬಯೋಟಿನ್ ಕಾರಣ ಅಲ್ಲ, ಥೈರಾಯ್ಡ್ ನಿಜವಾಗಿಯೂ ಸ್ವಲ್ಪ ಜಾಸ್ತಿ ಇದೆ. ಡಾಕ್ಟರು ಕೂರಿಸಿಕೊಂಡು ವಿವರಿಸಿದರು. ಟಿಎಸ್‌ಎಚ್ 0.1ರಿಂದ 0.4ರ ಒಳಗಿದ್ದು, 65 ದಾಟಿಲ್ಲ, ಹೃದಯದ ಕಾಯಿಲೆ ಇಲ್ಲ ಅಂದರೆ ಹೆಚ್ಚಾಗಿ ಕಾದು ನೋಡುತ್ತಾರೆ. ಎಷ್ಟೋ ಜನರಿಗೆ ಅದು ತಾನೇ ಮೇಲೆ ಬರುತ್ತದೆ. 0.1ಕ್ಕಿಂತ ಕೆಳಗೆ ಹೋಗಿ ಅಲ್ಲೇ ನಿಂತರೆ, ಜೊತೆಗೆ ವಯಸ್ಸು, ಹೃದಯ, ಮೂಳೆ ಸವೆತ, ಮುಟ್ಟು ನಿಂತಿರುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ಔಷಧಿ ಕಡೆ ವಾಲುತ್ತಾರೆ. ಯಾಕೆಂದರೆ ವರ್ಷಗಟ್ಟಲೆ ಹೀಗೇ ಬಿಟ್ಟರೆ ಹೃದಯದ ಬಡಿತ ತಾಳ ತಪ್ಪಬಹುದು, ಅದರಿಂದ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು, ಮೂಳೆಯೂ ತೆಳ್ಳಗಾಗುತ್ತಾ ಹೋಗುತ್ತದೆ.

ಇಸಿಜಿ ಸರಿ ಇತ್ತು. ಕಾಯುವುದು ಅಂತ ತೀರ್ಮಾನ ಮಾಡಿದೆ. ಕಾಯುವುದು ಅಂದರೆ ಮರೆತುಬಿಡುವುದಲ್ಲ. ಬೆಳಿಗ್ಗೆ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. 74, 76, 72. ಎಲೆಕೋಸು ತಿನ್ನಿ, ಉಪ್ಪು ಬದಲಾಯಿಸಿ ಅಂತ ಹೇಳಿದವರಿದ್ದರು, ನಾನು ಅಡುಗೆಯಲ್ಲಿ ಏನೂ ಬದಲಾಯಿಸಲಿಲ್ಲ. ಒಂದು ತಪ್ಪು ಮಾಡಿದೆ. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಆಗಲೇ ಮಾಡಿಸಿ ಅಂದಿದ್ದರು, ಮಳೆಗಾಲ ಕಳೆಯಲಿ ಅಂತ ಮುಂದೂಡಿದೆ. ನನಗೆ 48ಕ್ಕೇ ಮುಟ್ಟು ನಿಂತಿತ್ತು, ಮುಂದೂಡಲೇಬಾರದಿತ್ತು.

ದೀಪಾವಳಿ ಹೊತ್ತಿಗೆ ನಾಡಿ 88, 90 ಆಗತೊಡಗಿತು. ಪರೀಕ್ಷೆಯಲ್ಲಿ ಟಿಎಸ್‌ಎಚ್ 0.07. ಆರು ವಾರ ಬಿಟ್ಟು ಮತ್ತೆ ಮಾಡಿಸಿದರೆ 0.06. ಈ ಸಲ ಡೆಕ್ಸಾ ಮಾಡಿಸಿದೆ, ಬೆನ್ನುಮೂಳೆಯ ಅಂಕಿ ಮೈನಸ್ 2.7. ಮೈನಸ್ 2.5 ಮತ್ತು ಅದಕ್ಕೂ ಕೆಳಗೆ ಇದ್ದರೆ ಮೂಳೆ ಸವೆತ ಅಂತ ಲೆಕ್ಕ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಥೈರಾಯ್ಡ್ ಸ್ಕ್ಯಾನ್ ಕೂಡ ಮಾಡಿಸಿಕೊಂಡು ಬಂದೆ. ಆ ಚಿಕ್ಕ ಗಂಟೊಂದೇ ದುಡಿಯುತ್ತಿತ್ತು, ಉಳಿದ ಗ್ರಂಥಿ ಸುಮ್ಮನಿತ್ತು. ಇಂಥ ಗಂಟು ಸಾಮಾನ್ಯವಾಗಿ ತಾನಾಗಿ ಸರಿಹೋಗುವುದಿಲ್ಲ ಅಂತ ತಿಳಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ.

ಗಂಟಿಗೆ ರೇಡಿಯೋ ಅಯೋಡಿನ್, ಅಂದರೆ ವಿಕಿರಣ ಸೂಸುವ ಅಯೋಡಿನ್ ಔಷಧಿ, ಒಳ್ಳೆಯದು, ಹೆಚ್ಚಿನವರಿಗೆ ಒಂದೇ ಸಲಕ್ಕೆ ಮುಗಿಯುತ್ತದೆ, ಆಮೇಲೆ ಥೈರಾಯ್ಡ್ ಕಮ್ಮಿಯಾಗುವ ಸಾಧ್ಯತೆ ಇದೆ ಅಂದರು. ಆದರೆ ಅದನ್ನು ತಗೊಂಡರೆ ಕೆಲವು ದಿನ ಬಸುರಿಯರಿಂದ, ಚಿಕ್ಕ ಮಕ್ಕಳಿಂದ ದೂರ ಇರಬೇಕು. ಮಗಳು ಹೆರಿಗೆಗೆ ಬಂದಿದ್ದಳು. ಬಾಣಂತನ ಬಿಟ್ಟು ನಾನು ಎಲ್ಲಿ ದೂರ ಇರಲಿ? ಹಾಗಾಗಿ ಸದ್ಯಕ್ಕೆ ದಿನಕ್ಕೆ 5 ಮಿಲಿಗ್ರಾಂ ಕಾರ್ಬಿಮಜೋಲ್ ಅಂತ ಒಪ್ಪಿಕೊಂಡೆವು, ಮೂಳೆಗೆ ಬೇರೆ ಔಷಧಿ.

ಕಾರ್ಬಿಮಜೋಲ್ ಶುರು ಮಾಡುವವರು ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಅಪರೂಪಕ್ಕೆ ಇದು ರಕ್ತದ ಬಿಳಿ ಕಣಗಳನ್ನು ಅಪಾಯಕ್ಕೆ ಬರುವಷ್ಟು ಇಳಿಸುತ್ತದೆ. ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ರಕ್ತ ಪರೀಕ್ಷೆ ಮಾಡಿಸಬೇಕು. ನಮ್ಮ ಕಡೆ ಇದು ಇನ್ನೂ ಮುಖ್ಯ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಈಗಲೂ ಬೇಸಿಗೆಯಲ್ಲಿ ಬರುತ್ತದೆ, ಅದರಲ್ಲೂ ಬಿಳಿ ಕಣ ಇಳಿಯುತ್ತದೆ. ದರಕು, ಅಂದರೆ ಒಣ ಎಲೆ, ಗುಡಿಸಲು ಕಾಡಿಗೆ ಹೋಗುವವರು ಜ್ವರ ಬಂದಾಗ ಎರಡನ್ನೂ ಡಾಕ್ಟರಿಗೆ ಹೇಳಬೇಕು, ಕಾಡಿಗೆ ಹೋಗಿದ್ದನ್ನೂ, ಈ ಮಾತ್ರೆ ತಗೊಳ್ಳುತ್ತಿರುವುದನ್ನೂ.

ಎರಡು ತಿಂಗಳಿಗೆ ಟಿಎಸ್‌ಎಚ್ 0.6ಕ್ಕೆ ಬಂತು. ನಾಡಿ ಮತ್ತೆ 74ರ ಆಸುಪಾಸು. ಯುಗಾದಿ ಮುಗಿಸಿಕೊಂಡು ಮಗಳು, ಕೂಸು ಹೊರಡುತ್ತಾರೆ. ರೇಡಿಯೋ ಅಯೋಡಿನ್ ಮಾತು ಆಗ ಮತ್ತೆ ಎತ್ತುವುದು ಅಂತ ಡಾಕ್ಟರಿಗೆ ಹೇಳಿ ಬಂದಿದ್ದೇನೆ.