ಮುಗಿದ ಯುದ್ಧದಿಂದ ಪಾಠ ತೆಗೆಯುವುದು ಹೇಗೆ?

ಯುದ್ಧ ಮುಗಿದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ತಪ್ಪು ಯಾರದ್ದು? ನೀವು ಯುದ್ಧದ ಇತಿಹಾಸ ಓದುವವರಾಗಿದ್ದರೆ, ಇಲ್ಲವೇ ಎನ್‌ಸಿಸಿ ಮಕ್ಕಳಿಗೆ ಹೇಳಿಕೊಡುವವರಾಗಿದ್ದರೆ, ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಯಾರದೋ ಒಂದು ಹೆಸರು ಸಿಗುತ್ತದೆ, ಹುಡುಕಾಟ ಅಲ್ಲಿಗೇ ನಿಂತುಬಿಡುತ್ತದೆ.

ಜರ್ಮನಿಯ ಜನರಲ್ ಹಾನ್ಸ್ ಫಾನ್ ಸೀಕ್ಟ್ 1919ರ ಡಿಸೆಂಬರ್‌ನಲ್ಲಿ ಕೇಳಿದ ನಾಲ್ಕು ಪ್ರಶ್ನೆಗಳನ್ನು ಹಿಡಿದುಕೊಳ್ಳಿ. ನಾವು ಮುಂಚೆ ಯೋಚಿಸಿಯೇ ಇರದ ಯಾವ ಸನ್ನಿವೇಶ ಎದುರಾಯಿತು? ನಮ್ಮ ಹಳೆಯ ತಿಳಿವಳಿಕೆ ಅಲ್ಲಿ ಎಷ್ಟು ಕೆಲಸಕ್ಕೆ ಬಂತು? ಹೊಸ ಪದ್ಧತಿ ಯಾವುದು ಹುಟ್ಟಿತು? ಇನ್ನೂ ಉತ್ತರ ಸಿಗದ ಸಮಸ್ಯೆ ಯಾವುದು? ಮೊದಲ ಮಹಾಯುದ್ಧ ಸೋತು ಒಂದೇ ವರ್ಷವಾಗಿತ್ತು, ಆಗಲೇ 57 ಸಮಿತಿ ಮಾಡಿ 400ಕ್ಕೂ ಹೆಚ್ಚು ಅಧಿಕಾರಿಗಳನ್ನು ಇದಕ್ಕೆ ಕೂರಿಸಿದರು. ಗೆದ್ದ ಬ್ರಿಟನ್ ಇಂಥದ್ದೊಂದು ಸಮಿತಿ ಮಾಡಿದ್ದು 1932ರಲ್ಲಿ. (ಜರ್ಮನಿ ಕಲಿತದ್ದು ಮುಂದೆ ಎಂಥ ಘೋರಕ್ಕೆ ಬಳಕೆಯಾಯಿತು ಅಂತ ನಮಗೆ ಗೊತ್ತು. ಅದನ್ನು ಮರೆತು ಈ ಪ್ರಶ್ನೆಗಳನ್ನು ಹೊಗಳಲು ನನಗೆ ಮನಸ್ಸಿಲ್ಲ.)

ಈಗ ಇವನ್ನೇ ಕಾರ್ಗಿಲ್‌ಗೆ ಹಚ್ಚಿ ನೋಡಿ.

ಆ ಚಳಿಯಲ್ಲಿ, ಅಷ್ಟು ಎತ್ತರಕ್ಕೆ, ಪಾಕಿಸ್ತಾನದ ದೊಡ್ಡ ಪಡೆಯೊಂದು ಬಂದು ತಳವೂರುತ್ತದೆ ಅಂತ ನಮ್ಮವರು ಎಣಿಸಿರಲಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಇದು. ಎರಡು ಮತ್ತು ಮೂರನೆಯದಕ್ಕೆ ದ್ರಾಸ್ ಪಕ್ಕದ ತೋಲೋಲಿಂಗ್ ಶಿಖರ ಒಂದನ್ನೇ ನೋಡಿದರೂ ಸಾಕು. ಅಲ್ಲಿ ಕೂತವರಿಗೆ ಶ್ರೀನಗರ–ಲೇಹ್ ಹೆದ್ದಾರಿ ಕಣ್ಣೆದುರೇ ಇರುತ್ತದೆ. 1999ರ ಮೇ ಕೊನೆಯಲ್ಲಿ 18 ಗ್ರೆನೇಡಿಯರ್ಸ್ ಎಂಬ ಬೆಟಾಲಿಯನ್ ಹತ್ತಲು ಹೊರಟಾಗ ಫಿರಂಗಿಗಳ ಬೆಂಬಲ ಸಾಲದು, ಇಳಿಜಾರಿನಲ್ಲಿ ಮರೆಗೆ ಒಂದು ಗಿಡ ಇಲ್ಲ, ಮೇಲಿನಿಂದ ಗುಂಡಿನ ಮಳೆ. ತುಂಬ ಜನ ಹೋದರು. ಜೂನ್ 12ರ ರಾತ್ರಿ 2 ರಾಜಪುತಾನಾ ರೈಫಲ್ಸ್ ಬೆಟಾಲಿಯನ್ ಹತ್ತುವ ಮುಂಚೆ ಬೋಫೋರ್ಸ್ ಮತ್ತು ಉಳಿದ ಫಿರಂಗಿಗಳು ಶಿಖರವನ್ನು ಜಜ್ಜಿ ಹಾಕಿದ್ದವು. 13ಕ್ಕೆ ತೋಲೋಲಿಂಗ್ ನಮ್ಮ ಕೈಗೆ ಬಂತು. ಮುಂದಿನ ಶಿಖರಗಳಲ್ಲೂ ಇದೇ ಪದ್ಧತಿ. ಮೂರು ವಾರದೊಳಗೆ, ಯುದ್ಧದ ಮಧ್ಯದಲ್ಲೇ, ಜೀವ ತೆತ್ತು ಕಲಿತ ಪಾಠ ಇದು.

ಆಮೇಲೆ ಒಂದು ಹಾಳೆಯಲ್ಲಿ ಪ್ರತಿ ಪಾಠದ ಮುಂದೆ ಎರಡು ತಾರೀಖು ಬರೆಯಿರಿ: ಕೊರತೆ ಗೊತ್ತಾದದ್ದು ಯಾವಾಗ, ನೆಲದ ಮೇಲೆ ಏನಾದರೂ ಬದಲಾದದ್ದು ಯಾವಾಗ. ಈ ಹಂತ ಮಾತ್ರ ಬಿಡಬೇಡಿ. ವರದಿ ಬಂದ ದಿನವನ್ನೇ ಪಾಠ ಕಲಿತ ದಿನ ಅಂದುಕೊಳ್ಳುವವರು ಜಾಸ್ತಿ. ಶತ್ರುವಿನ ಶೆಲ್ ಎಲ್ಲಿಂದ ಹಾರಿತು ಅಂತ ಲೆಕ್ಕ ಹಾಕಿ ಹೇಳುವ ರಾಡಾರ್ ಕಾರ್ಗಿಲ್‌ನಲ್ಲಿ ನಮ್ಮವರ ಬಳಿ ಇರಲಿಲ್ಲ. ಆಮೇಲೆ ಅಮೆರಿಕದಿಂದ ಕೆಲವನ್ನು ಕೊಂಡರು. ನಮ್ಮದೇ 'ಸ್ವಾತಿ', ಬೆಂಗಳೂರಿನ ರಾಡಾರ್ ಸಂಶೋಧನಾ ಸಂಸ್ಥೆ ಎಲ್‌ಆರ್‌ಡಿಇ ರೂಪಿಸಿ ಬಿಇಎಲ್ ತಯಾರಿಸಿದ್ದು, ಸೇನೆಗೆ ವಿಧಿವತ್ತಾಗಿ ಸಿಕ್ಕಿದ್ದು 2017ರಲ್ಲಿ. ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥರು ಬೇಕು ಅಂತ ಕೇಂದ್ರ ಸಚಿವರ ಗುಂಪು 2001ರಲ್ಲೇ ಹೇಳಿತ್ತು, ಆ ಕುರ್ಚಿ ತುಂಬಿದ್ದು 2020ರ ಜನವರಿ 1ಕ್ಕೆ.

ಎಲ್ಲಿಂದ ಓದಬೇಕು? ಯುದ್ಧದ ನಂತರ ಸರ್ಕಾರ ನೇಮಿಸಿದ್ದ ಕೆ. ಸುಬ್ರಹ್ಮಣ್ಯಂ ಸಮಿತಿಯ ಕಾರ್ಗಿಲ್ ವರದಿ ಸಂಸತ್ತಿನ ಮುಂದೆ ಬಂದು ಪುಸ್ತಕವೂ ಆಗಿದೆ, ಕೆಲವು ಭಾಗ ಬಿಟ್ಟು. ಅಲ್ಲಿಂದ ಶುರು ಮಾಡಿ. 1962ರ ಚೀನಾ ಯುದ್ಧದ ಬಗ್ಗೆ ಸೇನೆಯೇ ಮಾಡಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು ಮಾತ್ರ ಸರ್ಕಾರ ಇಷ್ಟು ವರ್ಷ ಗುಟ್ಟಾಗಿಯೇ ಇಟ್ಟಿದೆ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ಹಾಗಾಗಿ ಆ ಯುದ್ಧದ ಬಗ್ಗೆ ನಾವು ಜನರಲ್‌ಗಳ ನೆನಪುಗಳನ್ನೇ ಜಾಸ್ತಿ ನಂಬಬೇಕಾಗುತ್ತದೆ. ಅವರವರ ನಿರ್ಧಾರವನ್ನು ಅವರವರು ಸಮರ್ಥಿಸಿಕೊಳ್ಳುವುದು ಸಹಜ ಅಲ್ವಾ? ಅದಕ್ಕೇ ಒಬ್ಬರದ್ದನ್ನೇ ಓದಿ ಬಿಡಬೇಡಿ, ಅದೇ ದಿನದ ಬಗ್ಗೆ ಕೆಳಗಿನ ದರ್ಜೆಯವರು ಬರೆದದ್ದನ್ನೂ ಪಕ್ಕದಲ್ಲಿಟ್ಟು ಓದಿ. ಎರಡೂ ಹೊಂದದ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ನಾಲ್ಕನೆಯ ಪ್ರಶ್ನೆಯ ಕೆಳಗೆ ಬರೆದಿಡಿ.